ಗುಡುಗುಹಣ್ಣಿನ ಬಾಟಲಿ

ರುಚಿಗೆ ಒಂದು ಊರು ಇರಬೇಕು ಎಂದು ನಂಬಿ ಬೆಳೆದವಳು ನಾನು. ಪೇಢೆಗೆ ಧಾರವಾಡ, ಕುಂದಾಕ್ಕೆ ಬೆಳಗಾವಿ, ಕರದಂಟಿಗೆ ಗೋಕಾಕ. ಮದುವೆಯಾಗಿ ಪುಣೆಗೆ ಬಂದ ಮೇಲೆ ಇಲ್ಲಿನ ಬಾಕರವಡಿಗೂ ಮನಸ್ಸಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟೆ. ಊರಿಲ್ಲದಿದ್ದರೆ ಹೋಗಲಿ, ರುಚಿಗೆ ಕನಿಷ್ಠ ಒಂದು ಗಿಡವಾದರೂ ಬೇಡವೇ? ನಿಂಬೆಯ ಶರಬತ್ತು ಎಂದರೆ ಎಲ್ಲೋ ಒಂದು ನಿಂಬೆಗಿಡ ಮುಳ್ಳು ಬಿಟ್ಟುಕೊಂಡು ನಿಂತಿದೆ ಎಂದರ್ಥ. ಇಂಥ ನಾನು, ಭೂಮಿಯ ಮೇಲೆ ಎಲ್ಲಿಯೂ ಬೆಳೆಯದ, ಮೊಬೈಲ್ ಆಟವೊಂದರಲ್ಲಿ ಮೋಡಗಳ ಮೇಲೆ ಮಾತ್ರ ಬಿಡುವ ಹಣ್ಣಿನ ರುಚಿಯ ತಂಪು ಪಾನೀಯಕ್ಕಾಗಿ ಪುಣೆಯ ನಮ್ಮ ಕೋಥರೂಡ ಬಡಾವಣೆಯ ಅಂಗಡಿ ಅಂಗಡಿ ಅಲೆದೆ ಎಂದರೆ ನಮ್ಮ ತವರಿನವರು ನಂಬುವುದಿಲ್ಲ. ಅದಕ್ಕೇ ಅವರಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಏಕೆಂದರೆ ನೀವು ನಮ್ಮ ಮನೆಗೆ ಊಟಕ್ಕೆ ಬಂದು ಎಲ್ಲರ ಮುಂದೆ ಅದನ್ನು ಎತ್ತಿ ಆಡುವ ಸಂಭವ ಕಡಿಮೆ.

ಎಲ್ಲ ಶುರುವಾದದ್ದು ನಮ್ಮ ಅತ್ತೆಯವರ ಮೊಣಕಾಲಿನಿಂದ. ಹೋದ ಚಳಿಗಾಲದಲ್ಲಿ ಅವರಿಗೆ ಮೊಣಕಾಲು ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ಚೆನ್ನಾಗಿಯೇ ಆಯಿತು. "ಇನ್ನು ದಿನಾ ನಡೆಯಬೇಕು, ನಿಧಾನಕ್ಕೆ ಮೆಟ್ಟಿಲನ್ನೂ ಹತ್ತಬಹುದು, ಹೆದರಿಕೆ ಬೇಡ" ಎಂದರು ಡಾಕ್ಟರು. ಅತ್ತೆ ಅವರ ಮುಂದೆ ವಿಧೇಯರಾಗಿ ತಲೆಯಾಡಿಸಿದರು. ಮನೆಗೆ ಬಂದವರೇ, "ಹೊಸಾ ಕಾಲು ಹಾಕ್ಯಾರ. ಸುಮ್ಮ ಸುಮ್ಮನ ನಡದು ಸವಿಸಿದ್ರ ಮತ್ತ ಎಲ್ಲಿಂದ ತರೋದು?" ಎಂದು ಮಂಚ ಹಿಡಿದರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಗೆ ಚಕ್ಕುಲಿ ಕೊಟ್ಟು, ಅವಳ ಮದುವೆಯ ವಿಷಯ ತೆಗೆದು, ಕಾಲು ಮಡಚುವ ಮಾತೇ ಬಾರದಂತೆ ನೋಡಿಕೊಂಡರು. ನನಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಹೆದರಿಕೆಯಾಯಿತು. ಧಾರವಾಡದಲ್ಲಿ ಇಡೀ ಓಣಿಯನ್ನು ಚಪ್ಪಲಿ ಸಪ್ಪಳದಿಂದಲೇ ಆಳಿದ ಹೆಂಗಸು, ಮಾತಿಲ್ಲದೆ ಗೋಡೆ ಕಡೆ ಮುಖ ಮಾಡಿ ಮಲಗತೊಡಗಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೂ ಏನೂ ಅನ್ನಲಿಲ್ಲ. ನನ್ನ ಸಾರಿನ ಬಗ್ಗೆ ಅತ್ತೆ ಏನೂ ಅನ್ನಲಿಲ್ಲ ಎಂದರೆ ಪರಿಸ್ಥಿತಿ ಗಂಭೀರ ಎಂದೇ ಲೆಕ್ಕ.

ಆಗ ನಮ್ಮ ಮನೆಯವರು ಒಂದು ಉಪಾಯ ಮಾಡಿದರು. ಅವರು ಚಾಕಣದ ಕಾರ್ಖಾನೆಯೊಂದರಲ್ಲಿ ಕಾರಿನ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವವರು. ಯಾವ ಸಮಸ್ಯೆಗೂ ಒಂದು ಯಂತ್ರ ಹುಡುಕುವುದು ಅವರ ಸ್ವಭಾವ. ತಾಯಿಯ ಮೊಬೈಲಿಗೆ ಕೋಟೆ ಕಟ್ಟುವ ಆಟವೊಂದನ್ನು ಹಾಕಿಕೊಟ್ಟರು. ಮೋಡದ ಮೇಲೆ ಕೋಟೆ ಕಟ್ಟಬೇಕು, ತೋಟ ಮಾಡಬೇಕು, ಇತರರ ಕೋಟೆಗೆ ಲಗ್ಗೆ ಹಾಕಬೇಕು. ಒಂದು ವಾರದಲ್ಲಿ ಅತ್ತೆ ಗೋಡೆಯಿಂದ ಈ ಕಡೆ ಹೊರಳಿದರು. ಎರಡನೆಯ ವಾರಕ್ಕೆ ಬೆಳಗಾವಿಯಲ್ಲಿರುವ ತಮ್ಮ ತಂಗಿ ಶಾಂತಾ ಮಾವಶಿಗೂ ಅದನ್ನು ಹಾಕಿಸಿದರು. ಅಲ್ಲಿಂದಾಚೆ ಅಕ್ಕತಂಗಿಯರು ಬೆಳಿಗ್ಗೆ ಫೋನಿನಲ್ಲಿ ಒಬ್ಬರಿಗೊಬ್ಬರು ಕಾಫಿ ಆಯಿತೇ ಎಂದು ಕೇಳುವುದು, ಮಧ್ಯಾಹ್ನ ಒಬ್ಬರ ಕಣಜಕ್ಕೆ ಇನ್ನೊಬ್ಬರು ಬೆಂಕಿ ಹಚ್ಚುವುದು. ಚಿಕ್ಕಂದಿನಲ್ಲಿ ಒಂದೇ ರಿಬ್ಬನ್ನಿಗಾಗಿ ಜಡೆ ಹಿಡಿದು ಜಗಳವಾಡಿದವರಂತೆ. ಈಗ ಜಡೆಗೆ ಬದಲು ಸೈನ್ಯವಿತ್ತು, ಅಷ್ಟೇ.

ಇಷ್ಟರಲ್ಲಿ ಒಂದು ತಂಪು ಪಾನೀಯದ ಕಂಪನಿ ಈ ಆಟದವರ ಜೊತೆ ಕೈಜೋಡಿಸಿತು. ಆಟದೊಳಗಿನ ತೋಟದಲ್ಲಿ ಬಿಡುವ 'ಥಂಡರ್ ಫ್ರೂಟ್' ಎಂಬ ಹಣ್ಣಿನ ರುಚಿಯ ಪಾನೀಯವಂತೆ, ಸ್ವಲ್ಪ ಕಾಲ ಮಾತ್ರ ಸಿಗುತ್ತದಂತೆ, ಬಾಟಲಿಯ ಲೇಬಲ್ ಸುಲಿದರೆ ಒಳಗೆ ಕೋಡ್ ಇರುತ್ತದಂತೆ, ಆ ಕೋಡ್ ಹಾಕಿದರೆ ನಮ್ಮ ಕೋಟೆಗೆ ಯಾರಿಗೂ ಮುರಿಯಲಾಗದ ಗುಡುಗಿನ ಬಾಗಿಲು ಬರುತ್ತದಂತೆ. ಗುಡುಗು ಹಣ್ಣು ಹೇಗೆ ಬಿಡುತ್ತದೆ, ಅದನ್ನು ಯಾರು ತಿಂದು ನೋಡಿ ರುಚಿ ನಿರ್ಧರಿಸಿದರು ಎಂದು ನಾನು ಕೇಳಿದೆ. ಅಷ್ಟರಲ್ಲಿ ಶಾಂತಾ ಮಾವಶಿಯ ವಿಡಿಯೊ ಕರೆ ಬಂತು.

"ಅಕ್ಕಾ, ನೋಡಿಲ್ಲೆ, ನಮ್ಮ ಬಾಗಲಾ ಹೆಂಗ ಹೊಳೀತದ! ಇನ್ನ ನೀ ಎಷ್ಟು ಗುದ್ದಿದ್ರೂ ಅಷ್ಟ. ನಮ್ಮಲ್ಲೆ ಬಾಟ್ಲಿ ಬೇಕಾದಷ್ಟು ಸಿಗ್ತಾವ. ಬಸ್ಸಿನ ಮ್ಯಾಲೆ ಒಂದು ಕಳಿಸ್ಲೇನು?"

"ಏನ್ ಬ್ಯಾಡ," ಎಂದರು ಅತ್ತೆ. "ಪುಣಾದಂಥಾ ಊರಾಗ ಇದ್ದು ಬೆಳಗಾವಿಯಿಂದ ಬಾಟ್ಲಿ ತರಿಸ್ಕೋಬೇಕಾ ನಾನು?" ಫೋನ್ ಇಟ್ಟರು. ಮತ್ತೆ ಗೋಡೆ ಕಡೆ ಹೊರಳಿದರು.

ಆ ಬೆನ್ನನ್ನು ನೋಡಿದ ಕ್ಷಣದಲ್ಲೇ ನಾನು ನಿರ್ಧಾರ ಮಾಡಿದ್ದು. ಹಾಸಿಗೆಯ ತುದಿಯಲ್ಲಿ ಕೂತು, "ಅತ್ತಿಯವರ, ಬಾಟ್ಲಿ ನಾ ತರ್ತೀನಿ. ಆದ್ರ ತಂದ ದಿನ ನೀವು ಮೆಟ್ಟಿಲಾ ಹತ್ತಬೇಕು. ಒಪ್ಪಿಗಿ ಅದನೋ ಇಲ್ಲೋ?" ಎಂದೆ. ಅವರು ಹೊರಳದೆಯೇ, "ಸಿಗೂದಿಲ್ಲ ನಿನಗ. ಸಿಕ್ರ ಹತ್ತೀನಂತ ತಗೋ," ಎಂದರು. ನನಗೆ ಸಿಗುವುದಿಲ್ಲ ಎಂದು ಯಾರಾದರೂ ಅಂದರೆ ಸಾಕು, ಆ ವಸ್ತು ನನಗೆ ಬೇಡವಾಗಿದ್ದರೂ ಬೇಕಾಗುತ್ತದೆ. ಸೀರೆಯಂಗಡಿಯಲ್ಲಿ ಈ ಗುಣದಿಂದ ನಾನು ಬಹಳ ನಷ್ಟ ಅನುಭವಿಸಿದ್ದೇನೆ.

ಮರುದಿನ ಆಫೀಸಿನಿಂದ ಬರುವಾಗ ನಮ್ಮ ವಸತಿ ಸೊಸೈಟಿಯ ಕೆಳಗಿನ ಕಿರಾಣಿ ಅಂಗಡಿಯಲ್ಲಿ ಕೇಳಿದೆ. ಥಂಡರ್ ಫ್ರೂಟ್ ಎನ್ನಲು ನಾಚಿಕೆಯಾಗಿ, ಬಣ್ಣದ ಗುರುತು ಹೇಳಿದೆ. "ತೇ ಜಾಂಭಳಂ ಕಾ, ತಾಯಿ? ಸಂಪಲಂ!" ಎಂದರು ಅಂಗಡಿಯವರು. ಆ ನೇರಳೆ ಬಣ್ಣದ್ದು ಮುಗಿದೇ ಹೋಯಿತಂತೆ. ಮುಂದಿನ ಅಂಗಡಿಯಲ್ಲೂ ಸಂಪಲಂ, ಅದರಾಚೆಯ ಮಾಲಿನಲ್ಲೂ ಸಂಪಲಂ. ಆ ಮಾಲಿನಲ್ಲಿ ನೇರಳೆ ಲೇಬಲ್ಲಿನ ಮೇಲೆ ಆಟದ ಚಿತ್ರವಿದ್ದ ಒಂದು ಬಾಟಲಿ ಕಂಡು, ಜಿಗಿದು ಹಿಡಿದು, ವಿಜಯಿಯಂತೆ ಮನೆಗೆ ತಂದೆ. ಅತ್ತೆ ಕನ್ನಡಕ ಏರಿಸಿ ನೋಡಿದರು. "ಸುಮಾ, ಇದು ಕಿತ್ತಳಿ. ಚಿತ್ರ ಅಷ್ಟ ಅದ, ಕೋಡ್ ಇಲ್ಲ. ನೀ ಬದನಿಕಾಯಿ ತರ್ಲಿಕ್ಕೆ ಹೋದ್ರೂ ಹಿಂಗ, ಮ್ಯಾಲಿನ ಬಣ್ಣ ನೋಡಿ ತರ್ತಿ," ಎಂದರು. ಟೀಕೆ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ. ಅತ್ತೆಯ ಅರ್ಧ ಆರೋಗ್ಯ ಅಂದೇ ಮರಳಿತ್ತು. ಉಳಿದರ್ಧ ಬಾಟಲಿಯಲ್ಲಿತ್ತು.

ನಮ್ಮವರನ್ನೂ ಕೆಲಸಕ್ಕೆ ಹಚ್ಚಿದೆ. ಕಾರ್ಖಾನೆಯ ಹತ್ತಿರದ ಅಂಗಡಿಗಳಲ್ಲಿ ನೋಡಿರಿ ಎಂದೆ. ಒಂದು ಸಂಜೆ ಅವರು ನಿಜವಾಗಿಯೂ ನೇರಳೆ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟರು. ನೋಡುತ್ತೇನೆ, ಬಾಟಲಿ ಹುಟ್ಟಿದ ಮಗುವಿನಂತೆ ಬರಿಮೈಯಲ್ಲಿದೆ. ಯಾರೋ ಅಂಗಡಿಯಲ್ಲೇ ಲೇಬಲ್ ಸುಲಿದು ಕೋಡ್ ಒಯ್ದಿದ್ದಾರೆ. ಕೂದಲೆಳೆಯಷ್ಟು ಬಿರುಕನ್ನೂ ಕಂಡುಹಿಡಿದು ಕಾರಿನ ಭಾಗಗಳನ್ನು ವಾಪಸು ಕಳಿಸುವ ಮಹಾನುಭಾವರಿಗೆ ಇಡೀ ಲೇಬಲ್ ಇಲ್ಲದ್ದು ಕಂಡಿರಲಿಲ್ಲ. "ಮುಚ್ಚಳಾ ಗಟ್ಟಿ ಅದನೋ ಇಲ್ಲೋ ಅಂತ ನೋಡಿದೆ. ಭಾಳ ಗಟ್ಟಿ ಅದ," ಎಂದರು. ಅತ್ತೆ ನನ್ನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಮಗ ತಪ್ಪು ಮಾಡಿದಾಗ ಸೊಸೆಯನ್ನು ನೋಡಿ ನಿಟ್ಟುಸಿರು ಬಿಡುವ ಈ ಪದ್ಧತಿ ನಮ್ಮ ಮನೆಯಲ್ಲಿ ಹಳೆಯದು.

ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಸಂಪಲಂ. ಆಫೀಸಿನ ಗೆಳತಿಯರು ನನ್ನನ್ನು ಕಂಡರೆ, "ಸಿಕ್ಕಿತಾ?" ಎಂದು ಮರಾಠಿಯಲ್ಲಿ ಕೇಳುವಷ್ಟು ನನ್ನ ಕೀರ್ತಿ ಹಬ್ಬಿತು. ಬಿಡು ಎಂದರು ನಮ್ಮವರು. ನಾನು ಬಿಡುವುದಿಲ್ಲ ಎಂದೆ. ಬೆಳಗಾವಿಯಿಂದ ಗುಟ್ಟಾಗಿ ತರಿಸಿಬಿಡೋಣ ಎಂದರು. ಅದನ್ನೂ ಒಪ್ಪಲಿಲ್ಲ. ಶಾಂತಾ ಮಾವಶಿಯ ಹೊಟ್ಟೆಯಲ್ಲಿ ಗುಟ್ಟು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಇಡೀ ಕುಟುಂಬಕ್ಕೆ ಗೊತ್ತಿರುವ ವಿಷಯ.

ಆ ಭಾನುವಾರ ಖಂಡೋಬಾನ ಗುಡಿಯಿರುವ ಜೇಜುರಿಗೆ ಹೊರಟೆವು. ಖಂಡೋಬಾ ಎಂದರೆ ನಮ್ಮ ಅತ್ತೆಯ ಪಾಲಿಗೆ ತವರುಮನೆಯ ಮೈಲಾರಲಿಂಗ. ಶಸ್ತ್ರಚಿಕಿತ್ಸೆಗೆ ಮೊದಲು ಅವನಿಗೆ ಹರಕೆ ಹೊತ್ತಿದ್ದರು. ಆದರೆ ಗುಡ್ಡದ ಬುಡದಲ್ಲಿ ಕಾರು ನಿಂತಾಗ, ಮೇಲಕ್ಕೆ ಹೋಗುವ ಮೆಟ್ಟಿಲುಗಳ ಸಾಲನ್ನು ಒಮ್ಮೆ ನೋಡಿ, "ನಾ ಇಲ್ಲಿಂದನ ಕೈ ಮುಗೀತೀನಿ. ಅಂವಗ ಕಾಣಸ್ತದ," ಎಂದು ಸೀಟಿನಲ್ಲೇ ಕೂತರು. ನಾನು ತೆಂಗಿನಕಾಯಿ, ಅರಿಶಿಣದ ಭಂಡಾರ ಕೊಳ್ಳಲು ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯ ಹೆಂಗಸು ಅರಿಶಿಣದ ರಾಶಿಯ ಹಿಂದೆ ಹಳದಿಯಾಗಿ ಕೂತಿದ್ದರು. ಅವರ ಹಿಂದಿನ ಹಲಗೆಯ ಮೇಲೆ, ನೀರಿನ ಬಾಟಲಿಗಳ ನಡುವೆ, ಹಳದಿ ಧೂಳು ಹೊದ್ದು, ಲೇಬಲ್ ಸಮೇತ, ಅದು ನಿಂತಿತ್ತು.

"ಹೇ ಕೋಣ್ ಪಿತಂ ಇಥಂ? ಲೋಕಾಂನಾ ಶಾಯಿ ವಾಟತೇ," ಎಂದು ಆಕೆ ಬಾಟಲಿಯನ್ನು ಸೆರಗಿನಿಂದ ಒರೆಸಿ ಕೊಟ್ಟರು. ಇಲ್ಲಿ ಇದನ್ನು ಯಾರು ಕುಡಿಯುತ್ತಾರೆ, ಜನಕ್ಕೆ ಇದು ಬರೆಯುವ ಶಾಯಿಯಂತೆ ಕಾಣುತ್ತದೆ ಎಂದು ಅವರ ಅಳಲು. ನಾನು ಕಾರಿನತ್ತ ತಿರುಗಿ ಬಾಟಲಿಯನ್ನು ಎತ್ತಿ ಹಿಡಿದೆ. ಅಷ್ಟೇ. ಹಣ ಕೊಟ್ಟು ಚೀಲ ಮುಚ್ಚುವುದರೊಳಗೆ ನನ್ನ ಬಗಲಿನಿಂದ ಒಂದು ಕೈ ಬಾಟಲಿಗೆ ಚಾಚಿತು. ಅತ್ತೆ! ಕೋಲನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು. ಹಿಂದೆ ನಮ್ಮವರು ಕೋಲು ಹಿಡಿದುಕೊಂಡು ಓಡಿ ಬರುತ್ತಿದ್ದರು.

"ಕೊಡಿಲ್ಲೆ."

"ಇಲ್ಲರಿ ಅತ್ತಿಯವರ. ಮಾತಂದ್ರ ಮಾತು. ಮೊದಲ ಮೆಟ್ಟಿಲಾ."

"ಆ ಮೆಟ್ಟಿಲಾ ಅಂದಿದ್ದಿಲ್ಲ ನಾನು. ನಮ್ಮ ಸೊಸೈಟಿ ಮೆಟ್ಟಿಲಾ."

"ಯಾವ ಮೆಟ್ಟಿಲಾ ಅಂತ ಹೇಳಿದ್ದಿಲ್ಲ. ಮೈಲಾರಲಿಂಗನ ತೋರಿಸಿಕೊಟ್ಟಾನ, ಅವನ ಮೆಟ್ಟಿಲಾನ ಹತ್ತಬೇಕು. ಕಡೀತನಕ ಬ್ಯಾಡ, ಆ ಮೊದಲನೇ ಕಮಾನಿನ ತನಕ."

ಅತ್ತೆ ನನ್ನನ್ನು ನೋಡಿದರು. ನಾನು ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಹಟದಲ್ಲಿ ನಾವಿಬ್ಬರೂ ಸರಿಸಮ ಎಂದು ನಮ್ಮವರು ಯಾವಾಗಲೂ ಹೇಳುತ್ತಾರೆ, ಆದರೆ ನಮ್ಮಿಬ್ಬರಿಗೂ ಕೇಳದಂತೆ. ಕೊನೆಗೆ ಅತ್ತೆ ಮಗನ ತೋಳು ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ನಿಂತರು. ಹೊಸ ಮೊಣಕಾಲನ್ನು ಅಪರಿಚಿತರ ಮಗುವನ್ನು ಸವರುವಂತೆ ಒಮ್ಮೆ ಸವರಿದರು. ಇನ್ನೊಂದು ಹತ್ತಿದರು. "ಏನೂ ಆಗಲಿಲ್ಲಲೋ ಗಿರೀಶಾ," ಎಂದರು, ಯಾರೋ ಮೋಸ ಮಾಡಿದ್ದಾರೆ ಎಂಬ ಧ್ವನಿಯಲ್ಲಿ. ವಿಜಯಪುರದ ಕಡೆಯಿಂದ ಬಂದ ಒಂದು ಗುಂಪು "ಏಳುಕೋಟಿ ಏಳುಕೋಟಿ" ಎನ್ನುತ್ತ ನಮ್ಮನ್ನು ದಾಟಿತು. ಅತ್ತೆಯೂ ಕೂಗಿದರು. ಎಷ್ಟೋ ತಿಂಗಳಿಂದ ಕೇಳಿರದ ಆ ದೊಡ್ಡ ಗಂಟಲು ಕೇಳಿ ನಮ್ಮವರು ಕಣ್ಣಿಗೆ ಭಂಡಾರ ಬಿತ್ತೆಂದು ಕಣ್ಣು ಒರೆಸಿಕೊಂಡರು. ಭಂಡಾರ ಹಾರಿದ್ದು ಆಮೇಲೆ.

ಕಮಾನಿನ ಕೆಳಗೆ ಕೂತು ಅತ್ತೆ ದೇವರಿಗೆ ಕೈಮುಗಿದರು, ಕೈ ಬಿಡಿಸಿದ ಕೂಡಲೇ ನನ್ನ ಮುಂದೆ ಚಾಚಿದರು. ಬಾಟಲಿ ಕೊಟ್ಟೆ. ಉಗುರಿನಿಂದ ಲೇಬಲ್ ಸುಲಿದು, ಒಂದೊಂದೇ ಅಕ್ಷರ ಒತ್ತಿದರು. ಫೋನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಇದ್ದಬದ್ದ ಶಕ್ತಿಯಿಂದ ಗುಡುಗಿತು. ಸುತ್ತಲಿನ ಭಕ್ತರು ಗಾಬರಿಯಿಂದ ಬಿರುಬಿಸಿಲಿನ ಆಕಾಶ ನೋಡಿದರು. ಒಬ್ಬ ಅಜ್ಜ ಕೈಯನ್ನೂ ಮುಗಿದ. ಬಾಗಿಲು ಬಂದಿತ್ತು.

ಉಳಿದದ್ದು ಪಾನೀಯ. ಅತ್ತೆಗೆ ಸಕ್ಕರೆ ಕಾಯಿಲೆ. ನಮ್ಮವರು ಆಮ್ಲಪಿತ್ತದ ನೆಪ ಹೇಳಿದರು. "ದೇವರ ಮೆಟ್ಟಿಲಾ ಮ್ಯಾಲೆ ಚೆಲ್ಲಬ್ಯಾಡ್ರಿ, ಕುಡದುಬಿಡು ಸುಮಾ," ಎಂದು ಅತ್ತೆಯ ಅಪ್ಪಣೆಯಾಯಿತು. ಕುಡಿದೆ. ಮೊದಲು ನೇರಳೆಹಣ್ಣು, ನಂತರ ಕೆಮ್ಮಿನ ಔಷಧಿ, ಕೊನೆಗೆ ಮೂಗಿನ ಹತ್ತಿರ ಊದುಬತ್ತಿ. ಗುಡುಗು ಮಾತ್ರ ಹೊಟ್ಟೆಯಲ್ಲಿ ತಡವಾಗಿ ಕೇಳಿಸಿತು. ಸೋಮವಾರ ಆಫೀಸಿನಲ್ಲಿ ಗೆಳತಿಯರು ಸಿಕ್ಕಿತಾ ಎಂದು ಕೇಳಿದಾಗ ನಾಲಿಗೆ ಹೊರಚಾಚಿ ತೋರಿಸಿದೆ. ಇನ್ನೂ ನೇರಳೆಯಾಗಿತ್ತು.

ಈಗ ಅತ್ತೆ ದಿನಾ ಸಂಜೆ ಸೊಸೈಟಿಯ ಉದ್ಯಾನದಲ್ಲಿ ನಡೆಯುತ್ತಾರೆ. ಅಲ್ಲಿ ಮರಾಠಿ ಗೆಳತಿಯರೂ ಆಗಿದ್ದಾರೆ, ಅವರ ಸೊಸೆಯಂದಿರ ಸುದ್ದಿ ನಮ್ಮ ಮನೆಗೂ, ನನ್ನ ಸುದ್ದಿ ಅವರ ಮನೆಗಳಿಗೂ ಸರಾಗವಾಗಿ ಹೋಗಿ ಬರುತ್ತಿದೆ. ಆದರೆ ಗುಡುಗಿನ ಬಾಗಿಲಿಗೆ ಒಂದು ಷರತ್ತಿದೆ ಎಂಬುದು ಯಾರಿಗೂ ಮೊದಲು ಗೊತ್ತಿರಲಿಲ್ಲ: ಕಾವಲಿಗೆ ಯಾರಾದರೂ ಕೂತಿದ್ದರೆ ಮಾತ್ರ ಅದು ಮುರಿಯುವುದಿಲ್ಲ. ಅತ್ತೆ ವಾಕಿಂಗಿಗೆ ಹೋದ ಸಮಯವನ್ನೇ ನೋಡಿ ಶಾಂತಾ ಮಾವಶಿ ದಾಳಿ ಮಾಡುತ್ತಾರೆ. ಹಾಗಾಗಿ ಸಂಜೆ ಕಾವಲು ನನ್ನದು. ಮೊನ್ನೆ ಚಪಾತಿ ತಿರುವಿ ಹಾಕಿ ಬರುವಷ್ಟರಲ್ಲಿ ಕಣಜ, ತೋಟ, ಕುದುರೆಲಾಯ ಎಲ್ಲ ಹೋಯಿತು. ಅತ್ತೆ ಬಂದು ನೋಡುವುದಕ್ಕೂ ಮಾವಶಿಯ ಧ್ವನಿ ಸಂದೇಶ ಬರುವುದಕ್ಕೂ ಸರಿಹೋಯಿತು: "ಯಾಕ ಅಕ್ಕಾ, ಇವತ್ತ ಇಷ್ಟು ಕೆಟ್ಟ ಆಡಿದಿ? ಕಣ್ಣು ಮಂಜಾಗ್ಯಾವೇನು?"

ಅತ್ತೆ ನನ್ನತ್ತ ಒಮ್ಮೆ ನೋಡಿ, ಫೋನನ್ನು ಬಾಯಿಯ ಹತ್ತಿರ ಹಿಡಿದು ದೊಡ್ಡ ಮನಸ್ಸಿನಿಂದ ಹೇಳಿದರು: "ನಾ ಅಲ್ಲವಾ, ನಮ್ಮ ಸೊಸಿ ಆಡಿದ್ದು. ಹೊಸಬಳು. ಹಗೂರಕ ಕಲೀತಾಳ, ಬಿಡು."

ಮದುವೆಯಾಗಿ ತಲೆಯಲ್ಲಿ ಬಿಳಿಕೂದಲು ಬಂದ ಮೇಲೆ ಹೊಸಬಳು ಎನ್ನಿಸಿಕೊಂಡರೆ ಯಾವ ಹೆಂಗಸು ಸುಮ್ಮನಿರುತ್ತಾಳೆ? ನಾಳೆ ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದೇನೆ. ಮಾವಶಿ ಮಧ್ಯಾಹ್ನ ನಿದ್ದೆ ಮಾಡುವ ವೇಳೆಗೆ ಬೆಳಗಾವಿಯ ಕೋಟೆಗೆ ನುಗ್ಗಬೇಕು. ರಜೆಗೆ ಕಾರಣವೇನು ಎಂದು ಸಾಹೇಬರು ಕೇಳಿದರು. ಅತ್ತೆಯವರ ಮೊಣಕಾಲು ಎಂದೆ. ಪಾಪ, ತುಂಬ ನೋವೇ ಎಂದರು. ನೋಡಲಾಗುವುದಿಲ್ಲ ಸರ್ ಎಂದೆ. ಅದೇನೂ ಸುಳ್ಳಲ್ಲ. ಸಂಜೆ ಮನೆಯ ಕಿಟಕಿಯಿಂದ ನೋಡಿದರೆ ಅತ್ತೆ ಉದ್ಯಾನದಲ್ಲಿ ಕಣ್ಣಿಗೆ ನಿಲ್ಲದಷ್ಟು ವೇಗವಾಗಿ ಸುತ್ತುತ್ತಿರುತ್ತಾರೆ.