ನೀರುಹಾವು ಕಚ್ಚಿದ ವಿಜ್ಞಾನದ ಮಾಸ್ತರು

ನಮ್ಮ ಮಾತನ್ನು ಯಾರೂ ನಂಬದಿದ್ದರೆ ದುಃಖವಾಗುತ್ತದೆ, ನಿಜ. ಆದರೆ ಎಲ್ಲರೂ ಒಮ್ಮೆಗೇ ನಂಬಿಬಿಟ್ಟರೆ ಎಂಥ ಪೇಚಿಗೆ ಸಿಕ್ಕಿಕೊಳ್ಳಬೇಕಾಗುತ್ತದೆ ಎಂಬುದು ಎಪ್ಪತ್ತರ ದಶಕದ ಒಂದು ದೀಪಾವಳಿ ರಜೆಯವರೆಗೆ ನನಗೆ ಗೊತ್ತಿರಲಿಲ್ಲ. ಆಗ ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಸಮುದ್ರದ ಹಾವಿಗೆ ಘೋರ ವಿಷವಿದೆ, ಆದರೂ ಅದು ತಾನಾಗಿ ಮನುಷ್ಯನ ತಂಟೆಗೆ ಬರುವುದಿಲ್ಲ. ನಮ್ಮ ಕೆರೆಯ ನೀರುಹಾವಿಗಂತೂ ವಿಷವೇ ಇಲ್ಲ ಎಂದು ವರ್ಷವರ್ಷವೂ ಪಾಠ ಹೇಳುತ್ತಿದ್ದೆ. ಸಮುದ್ರವನ್ನು ನಾನು ನೋಡಿದ್ದು ಗೋಡೆಯ ನಕಾಶೆಯಲ್ಲಿ ಮಾತ್ರ.

ಹೆಂಡತಿಯ ತವರು ಮಮದಾಪುರ. ಅಲ್ಲಿ ಮಾವನವರು ನಾನು ಮಳೆಯ ಬಗ್ಗೆ ಹೇಳಿದರೂ, ಎಮ್ಮೆಯ ಜಡ್ಡಿನ ಬಗ್ಗೆ ಹೇಳಿದರೂ, "ಇರ್ಲಿ ತಗೋರಿ ಮಾಸ್ತರ್ರ" ಎಂದು ನಕ್ಕು, ಹೋಗಿ ಬೇರೆಯವರನ್ನು ಕೇಳುತ್ತಿದ್ದರು. ಒಮ್ಮೆಯಾದರೂ ಅವರಿಂದ ಹೌದೆನಿಸಿಕೊಳ್ಳಬೇಕೆಂಬುದು ಮದುವೆಯಾದಂದಿನ ಆಸೆ. ಆ ರಜೆಯಲ್ಲಿ ಕೆರೆಯ ಮೆಟ್ಟಿಲ ಸಂದಿಯಲ್ಲಿ ಹಾವೊಂದು ಸೇರಿಕೊಂಡು, ಅತ್ತೆ ಅಲ್ಲಿ ಬಟ್ಟೆ ಒಗೆಯುವುದನ್ನೇ ಬಿಟ್ಟಿದ್ದರು. ನಾನು ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಮೊಣಕಾಲವರೆಗೆ ನೀರಿಗಿಳಿದು, ಇದು ನೀರುಹಾವು, ಇದಕ್ಕೆ ವಿಷವಿಲ್ಲ ಎಂದು ಪಾಠ ಶುರುಮಾಡಿದೆ. ಹಾವು ಪಾಪ, ಅಲುಗಾಡದೆ ಕೇಳುತ್ತಿತ್ತು. ಅಷ್ಟಕ್ಕೇ ಬಿಡದೆ, ಅದನ್ನು ಕೈಯಿಂದ ಸರಿಸಲು ಹೋದೆ. ಕಚ್ಚಿತು. ಈಗಲೂ ನ್ಯಾಯವಾಗಿ ಹೇಳುತ್ತೇನೆ, ಅದು ನನ್ನ ಮೈಮೇಲೆ ಬರಲಿಲ್ಲ, ನಾನೇ ಅದರ ಮೈಮೇಲೆ ಹೋದವನು.

ಬೆರಳಲ್ಲಿ ರಕ್ತ. ಅತ್ತೆ "ಯಪ್ಪಾ" ಎಂದು ಕುಸಿದು ಕುಳಿತರು. ಬಬಲೇಶ್ವರದ ಡಾಕ್ಟರ ಹತ್ತಿರ ಹೋಗೋಣವೆಂದು ಹೆಂಡತಿ ಅವಸರ ಮಾಡಿದಳು. ಆಗ ಮಾವನವರು, "ಸುಮ್ಮನಿರ್ರಿ ಎಲ್ಲಾರೂ. ಮಾಸ್ತರು ವಿಷಾ ಇಲ್ಲ ಅಂದಾರ. ಓದಿದವ್ರು ಅವ್ರು. ನಡೀರಿ, ಊಟಾ ಮಾಡೂಣು" ಎಂದರು.

ಆರು ವರ್ಷ ಕಾದ ಮಾತು ಅದು. ಆದರೆ ಆ ಹೊತ್ತಿಗೆ ನನಗೆ ಬೇಕಾಗಿದ್ದುದು ಮರ್ಯಾದೆಯಲ್ಲ, ಡಾಕ್ಟರು. ಬಾಯಿಬಿಟ್ಟು ಕೇಳಿದರೆ ಈಗಷ್ಟೇ ಬಂದ ಮರ್ಯಾದೆ ಹೋಗುತ್ತದೆ. ನಗುಮುಖ ಮಾಡಿಕೊಂಡು ತಾಟಿನ ಮುಂದೆ ಕುಳಿತೆ. ವಿಷವೇರಿದವನ ನಾಲಿಗೆಗೆ ಖಾರ ತಿಳಿಯುವುದಿಲ್ಲ ಎಂಬ ಹಳೆಯ ಪರೀಕ್ಷೆಯೊಂದು ನಮ್ಮ ಕಡೆ ಇದೆ. ಅದು ಮೂಢನಂಬಿಕೆ ಎಂದು ತರಗತಿಯಲ್ಲಿ ಎಷ್ಟೋ ಸಲ ಗೇಲಿ ಮಾಡಿದವನು ನಾನು. ಆದರೂ ಕೈ ತಾನಾಗಿ ಶೇಂಗಾ ಚಟ್ನಿಯ ಕಡೆ ಹೋಯಿತು. ಅತ್ತೆಯ ಚಟ್ನಿ ಎಂದರೆ ನನಗೆ ನೆತ್ತಿ ಬೆವರುತ್ತಿತ್ತು. ಇಂದು ಏನೂ ಇಲ್ಲ. ಇನ್ನೊಂದು ಚಿಟಿಕೆ, ಆಮೇಲೆ ಒಂದು ಮುಷ್ಟಿಯನ್ನೇ ಬಾಯಿಗೆ ಹಾಕಿಕೊಂಡೆ. ಸಪ್ಪಗಿತ್ತು.

"ಬಬಲೇಶ್ವರದ ಬಸ್ ಎಷ್ಟಕ್ಕ ಐತ್ರಿ?" ಎಂದು ಎದ್ದು ನಿಂತೆ.

"ಯಾಕ್ರಿ?" ಎಂದರು ಮಾವನವರು.

"ಖಾರ ಹತ್ತವಲ್ದರಿ. ವಿಷಾ ಏರೈತಿ."

ಬಾಗಿಲ ಮರೆಯಿಂದ ಅತ್ತೆ ಮೆಲ್ಲಗೆ ಮಗಳಿಗೆ ಹೇಳಿದರು: "ಅವರಿಗೆ ಖಾರ ನಡ್ಯಂಗಿಲ್ಲ ಅಂತ ಮುಂಜಾನೆ ಚಟ್ನಿ ಬ್ಯಾರೆ ಕುಟ್ಟೇನಿ ಅಂತ ಹೇಳಬೇ. ಮೆಣಸಿನಕಾಯಿ ಹಾಕೇ ಇಲ್ಲ."

ಮಾವನವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ರೊಟ್ಟಿ ಮುರಿಯುತ್ತ, "ನಾವು ನಂಬಿದ್ವಿ ಮಾಸ್ತರ್ರ, ನೀವು ನಂಬಲಿಲ್ಲ ನೋಡ್ರಿ" ಎಂದರು. ನಾನು ಮತ್ತೆ ತಾಟಿನ ಮುಂದೆ ಕುಳಿತೆ.

ರಜೆ ಮುಗಿಯುವಷ್ಟರಲ್ಲಿ ಬೆರಳು ಮಾಯ್ದು ಗುರುತೂ ಉಳಿಯಲಿಲ್ಲ. ತರಗತಿಯಲ್ಲಿ ಮತ್ತೆ ಅದೇ ಪಾಠ ಬಂತು. ನೀರುಹಾವಿಗೆ ವಿಷವಿಲ್ಲ ಎಂದು ಗಟ್ಟಿಯಾಗಿ ಹೇಳಿ, ಯಾರಿಗಾದರೂ ಸಂಶಯವಿದೆಯೇ ಎಂದು ಕೇಳಿದೆ. ಇಡೀ ತರಗತಿಯಲ್ಲಿ ಸಂಶಯವಿದ್ದವನು ನಾನೊಬ್ಬನೇ.