ನಿಂತ ಟಂಟಂ ಒಳಗ ಸಿನೆಮಾ

"ಹೀರೋ ನಾನ!" ಅಂದ ಶಿವಯೋಗೆಪ್ಪ, ರೊಟ್ಟಿ ಮುರಕೊಂತ.

ಮಗಳು ವಿಜಯಲಕ್ಷ್ಮೀಗೆ ಕಾಲೇಜಿನಾಗ ಐದು ಮಿನಿಟಿನ ನಗೀ ಸಿನೆಮಾ ಮಾಡಾಕ ಹೇಳಿದ್ರು. ಕರಾರು ಒಂದ: ಇಡೀ ಸಿನೆಮಾ ಒಂದ ಇಕ್ಕಟ್ಟಿನ ಜಾಗಾದಾಗ ಆಗಬೇಕು.

"ಇಕ್ಕಟ್ಟು ಅಂದ್ರ ನನ್ನ ಟಂಟಂ ಆಟೋ! ಏಳು ಸೀಟಿನಾಗ ಹದಿನಾಕು ಮಂದಿ ಕುಂಡ್ರಸಾಂವ ಈ ಊರಾಗ ಇನ್ನೊಬ್ಬ ಅದಾನೇನು?"

"ಹೀರೋ, ಮೊದಲ ಮೀಸಿ ಒರಸ್ಕೋರಿ. ಪಲ್ಲೆ ಅಂಟೇತಿ," ಅಂದಳು ಹೆಂಡತಿ ಮುರಿಗೆವ್ವ.

ಅವತ್ತಿಗೆ ಅಷ್ಟ ಮಾತು. ಮರುದಿನ ಗಾಡಿ ನಿಲ್ಲಿಸಿ ಎದಿ ಹಿಡಕೊಂಡು ಕುಂತಾಂವ ಮತ್ತ ಏಳಲಿಲ್ಲ.

ತಿಂಗಳಾದ ಮ್ಯಾಲ ವಿಜಯಲಕ್ಷ್ಮೀ ಅಂದಳು, "ಸೋಮವಾರ ಸಿನೆಮಾ ಕೊಡಬೇಕು. ನಾ ಕೊಡಾಂಗಿಲ್ಲ ಬೇ. ಕಾಲೇಜೂ ಸಾಕು."

ಮುರಿಗೆವ್ವ ಮೂರನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ. ಸೆರಗು ಸೊಂಟಕ್ಕ ಸಿಗಿಸಿದಳು. "ಹೀರೋ ಹೋದ್ರ ಹೀರೋಯಿನ್ ಇಲ್ಲೇನಬೇ? ನಿಮ್ಮಪ್ಪನ ಪಾರ್ಟು ನಾ ಮಾಡತೇನಿ!" ಓಣಿ ತುಂಬ ಹೇಳಿ ಬಂದಳು. ಇಳಕಲ್ ಸೀರಿ ತಗದಳು.

ರವಿವಾರ ಮುಂಜಾನೆ, ಅಥಣಿ ರಸ್ತೆ ಬಾಜೂಕ, ಮನಿ ಮುಂದ ನಿಂತ ಟಂಟಂ. ಡ್ರೈವರ್ ಸೀಟಿನಾಗ ಮುರಿಗೆವ್ವ. ಹಿಂದ ಮಗಳು, ಆಕಿ ಗೆಳತಿ ಕಾವ್ಯಾ. ಮೂಲ್ಯಾಗ ಮೊಬೈಲ್ ಹಿಡಕೊಂಡು ಅವರ ಕ್ಲಾಸಿನ ಸೊಹೇಲ.

"ಕಾಕು, ಕಾಕಾ ಟಿಕೋಟಾ ಊರಿನ ಮಂದೀನ ಕರಿಯೂಹಂಗ ಒಮ್ಮಿ ಕೂಗ್ರಿ," ಅಂದ ಸೊಹೇಲ.

ಇಪ್ಪತ್ತೆರಡು ವರ್ಷ ಕೇಳಿದ ಕೂಗು. ಮುರಿಗೆವ್ವ ಉಸರು ತುಂಬಿ ಬಿಟ್ಟಳು: "ಏ ಟಿಕೋಟಾ, ಟಿಕೋಟಾ, ಟಿಕೋಟಾ! ಬರ್ರಿ ಬರ್ರಿ, ಹೊಂಟತಿ ಹೊಂಟತಿ!"

ಗೋಳಗುಮ್ಮಟದಾಗ ಒಮ್ಮಿ ಕೂಗಿದ್ರ ಏಳು ಸಲ ಕೇಳತೈತಂತ. ಇಲ್ಲಿ ಒಮ್ಮಿ ಕೂಗಿದ್ದಕ್ಕ ಏಳು ಮಂದಿ ಬಂದ್ರು! ಚೀಲದವರು, ಹಾಲಿನ ಕ್ಯಾನಿನವರು, ಬದನಿಕಾಯಿ ಬುಟ್ಟಿ ಹೊತ್ತ ಮುದುಕಿ. ಟಂಟಂ ಹತ್ತಾಕ ಯಾರರ ಕೇಳತಾರೇನು? ಹತ್ತೂದು, ಆ ಕಡೆ ಸರಿ ಅನ್ನೂದು, ಕುಂಡ್ರೂದು.

"ಸರೀಬೇ ತಂಗಿ!" ಮುದುಕಿ ಕಾವ್ಯಾನ ತೊಡಿ ಮ್ಯಾಲ ಬುಟ್ಟಿ ಇಟ್ಟಳು. ಸೊಹೇಲನ ಗಲ್ಲ ಹಾಲಿನ ಕ್ಯಾನಿಗೆ ಅಂಟಿತು. ಮೊಬೈಲ್ ಮಾತ್ರ ಚಾಲೂ.

"ಇಳೀರಿ, ಇದು ಸಿನೆಮಾ!" ಅಂದಳು ವಿಜಯಲಕ್ಷ್ಮೀ.

"ಸಿನೆಮಾ ಊರಿಗೆ ಹೋದಮ್ಯಾಲ ನೋಡೂಣು. ಗಾಡಿ ಬಿಡು ಯವ್ವಾ!" ಹಿಂದ ಜೋತಬಿದ್ದ ಮಶಾಕಸಾಬ ತಗಡು ಬಡದ. ಟಿಕೋಟಾದ ಹಳೇ ಗಿರಾಕಿ ಅಂವ.

"ನನಗ ಗಾಡಿ ಹೊಡಿಯಾಕ ಬರೂದಿಲ್ಲರಿ!" ಅಂದಳು ಮುರಿಗೆವ್ವ.

"ಮತ್ತ ಕರದದ್ದ್ಯಾಕ? ಶಿವಯೋಗೆಪ್ಪನ್ನ ಕರಿ. ತಿಂಗಳಾತು, ಎಲ್ಲಿ ಅಡಗ್ಯಾನ?"

ಮುರಿಗೆವ್ವ ಹ್ಯಾಂಡಲ್ ಗಟ್ಟಿ ಹಿಡದಳು. "ಹೋದ್ರು."

"ಎಲ್ಲಿಗೆ?"

"ಸತ್ರು."

ಹನ್ನೊಂದು ಮಂದಿ ಉಸರು ಬಿಡಲಿಲ್ಲ. ಬಿಡಾಕ ಜಾಗಾನೂ ಇರಲಿಲ್ಲ! ಮುದುಕಿ ಕಣ್ಣು ಒರಸ್ಕೋಬೇಕಂದ್ರ ಆಕಿ ಕೈ ಆಕಿಗೇ ಸಿಗಲಿಲ್ಲ.

"ಯಪ್ಪಾ..." ಅಂದ ಮಶಾಕಸಾಬ. "ಮತ್ತ ಈ ಸಿನೆಮಾ?"

"ಅವರ ಮಾಡಬೇಕಿದ್ದ ಪಾರ್ಟು. ನಾ ಮಾಡಾಕತ್ತೇನಿ. ನಾಳಿಗೆ ಕೊಡಬೇಕು."

"ಹಂಗಾರ ಇಳಿಯಾಂಗಿಲ್ಲ! ಎಲ್ಲಿ ನೋಡಬೇಕು, ಹೇಳಲೇ ಹುಡುಗಾ!"

ಎಲ್ಲಾರೂ ಆಧಾರ್ ಕಾರ್ಡಿನ ಫೋಟೋಕ್ಕ ಕುಂತಂಗ ಮೊಬೈಲ್ ನೋಡಕೊಂತ ಕುಂತ್ರು.

"ನೋಡಬ್ಯಾಡ್ರಿ!" ಕ್ಯಾನಿನ ಸಂದಿಂದ ಸೊಹೇಲ ಒದರಿದ. "ಈಗ ಜಗಳಾಡಿದ್ರಲ್ಲ, ಹಂಗ ಆಡ್ರಿ!"

ಅದಕ್ಕೇನು ಬರ? ಐದು ಮಿನಿಟು ಬೇಕಿತ್ತು, ಮುಕ್ಕಾಲು ತಾಸು ಜಗಳಾಡಿದ್ರು.

ಸೋಮವಾರ ಸಿನೆಮಾ ಕಾಲೇಜಿಗೆ ಹೋತು. ಅದರ ಹಿಂದ ವಿಜಯಲಕ್ಷ್ಮೀನೂ ಹೋದಳು.

ತೋರಸೂ ದಿನ ಮುರಿಗೆವ್ವ ಓಣಿಯವರನ್ನ ಕಟಗೊಂಡು ಮುಂದಿನ ಸಾಲಿನಾಗ ಕುಂತಳು. ಮಂದಿ ಹೊಟ್ಟಿ ಹಿಡಕೊಂಡು ನಕ್ರು. ಪರದೆ ಮ್ಯಾಲ ಮಶಾಕಸಾಬ ಇದ್ದ, ಮುದುಕಿ ಇದ್ದಳು, ಬದನಿಕಾಯೂ ಇದ್ವು. ಮುರಿಗೆವ್ವಂದು? ಒಂದು ಮೊಣಕೈ! ಮೂಲ್ಯಾಗ ಸಿಕ್ಕೊಂಡ ಮೊಬೈಲಿಗೆ ಅಷ್ಟ ಕಂಡಿತ್ತು.

"ಮೊಣಕೈ ಪಾರ್ಟು ಭಾಳ ಛಲೋ ಮಾಡೇತಿ ನೋಡವಾ," ಅಂದಳು ಬಾಜೂ ಮನಿ ನಜಮಾ.

"ಕೂಗು ನಂದ!" ಮುರಿಗೆವ್ವ ಎದ್ದು ನಿಂತು ಹೇಳಿದಳು. ಹಿಂದಿನ ಸಾಲಿಗೂ ಕೇಳಿತು.

ಬ್ಯಾಟರಿ ಇಳಿಬಾರದಂತ ದಿನಾ ಮುಂಜಾನೆ ಈಗ ಆಕೀನ ನಿಂತಲ್ಲೇ ಗಾಡಿ ಚಾಲೂ ಮಾಡತಾಳ. ಐದು ಮಿನಿಟಿನ ಕೆಲಸ. ಅಷ್ಟರಾಗ ನಾಕು ಮಂದಿ ಹತ್ತಿ ಕುಂತಿರತಾರ. ಅವರನ್ನ ಇಳಸಾಕ ಅರ್ಧಾ ತಾಸು.