ಮಾಮಾ ಕೊಟ್ಟ ಲಂಡನ್ ತಾಲೀಮು

ಲಂಡನ್ನಿನಲ್ಲಿ ಯಾರಾದರೂ ದಾರಿ ತಪ್ಪಿದರೆ ನೇರವಾಗಿ ಸವಣೂರಿಗೆ ಫೋನ್ ಮಾಡಬಹುದು. ಅಲ್ಲಿ ನಮ್ಮ ಮಾಮಾ ಇದ್ದಾನೆ! ಯಾವ ಬೀದಿ, ಯಾವ ತಿರುವು, ಯಾವ ಮೂಲೆಗೆ ಔಷಧದ ಅಂಗಡಿ, ಎಲ್ಲವನ್ನೂ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿಬಿಡುತ್ತಾನೆ. ಮಾಮಾ ಲಂಡನ್ನಿಗೆ ಯಾವಾಗ ಹೋಗಿದ್ದ ಅಂತ ಮಾತ್ರ ಕೇಳಬೇಡಿ. ಪುಣೆಯ ಎಲೆ ಮಾರ್ಕೆಟ್ಟಿನಿಂದಾಚೆ ಅವನು ಕಾಲಿಟ್ಟವನಲ್ಲ. ವಿಮಾನವನ್ನೇನೋ ನೋಡಿದ್ದಾನೆ, ಕೆಳಗಿನಿಂದ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ವೀಳ್ಯದೆಲೆ ವ್ಯಾಪಾರಿ. ಮದುವೆಯಾಗಲಿಲ್ಲ. ಕನ್ಯೆ ನೋಡಲು ಹೋದಲ್ಲೆಲ್ಲ ಕನ್ಯೆಯನ್ನು ಬಿಟ್ಟು ಆ ಮನೆಯ ಬಾವಿಯ ಮೋಟಾರು ನೋಡಿ, ಅದನ್ನು ಕೂಡಿಸಿದ್ದೇ ತಪ್ಪು ಎಂದು ಹೇಳಿ ಬರುತ್ತಿದ್ದನಂತೆ. ಯಾರು ಹೆಣ್ಣು ಕೊಡುತ್ತಾರೆ? ನಮ್ಮ ಪಕ್ಕದ ಮನೆಯಲ್ಲಿ ವಾಸ, ಊಟ ನಮ್ಮಲ್ಲಿ. ನಾನು ಸಣ್ಣವಳಿದ್ದಾಗ ಎಲೆ ಪೆಂಡಿಗಳ ನಡುವೆ ಕೂರಿಸಿಕೊಂಡು ದಿನಾ ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟು ಬರುತ್ತಿದ್ದ. ಶಾಲೆ ಇದ್ದದ್ದು ನಮ್ಮ ಓಣಿಯ ತುದಿಯಲ್ಲೇ!

ಇಂಥವನ ಅಕ್ಕನ ಮಗಳಿಗೆ ಲಂಡನ್ನಿನಲ್ಲಿ ಸೀಟು ಸಿಕ್ಕಿತು. ಸಾರ್ವಜನಿಕ ಆರೋಗ್ಯದ ಓದು, ಜೊತೆಗೆ ಸ್ಕಾಲರ್‌ಶಿಪ್ಪೂ ಉಂಟು. ಅಪ್ಪ ಮೊದಲಿನಿಂದಲೂ ಅವ್ವ ಹೇಳಿದ್ದಕ್ಕೆ ತಲೆಯಾಡಿಸುವ ಪಕ್ಷದವರು, ಹಾಗಾಗಿ ಎಲ್ಲರೂ ಅವ್ವನ ಮುಖ ನೋಡಿದೆವು. ಅವ್ವ ಕೇಳಿದ್ದು ಒಂದೇ ಮಾತು.

"ಅಲ್ಲಿ ನಿಂಗ ಯಾರ ಅದಾರ?"

ನಿಜ ಹೇಳಬೇಕೆಂದರೆ ಅದೇ ಪ್ರಶ್ನೆ ನನಗೂ ಇತ್ತು. ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಾಗಲೇ ಶನಿವಾರ ಬಂತೆಂದರೆ ಓಡಿಬಂದು ಸವಣೂರು ಬಸ್ಸು ಹತ್ತುತ್ತಿದ್ದವಳು ನಾನು. ಹೋಗಬೇಕೆಂಬ ಆಸೆಯೂ ಅಷ್ಟೇ, ಹೆದರಿಕೆಯೂ ಅಷ್ಟೇ. ಆಗ ಮಾಮಾ ಎಲೆ ಉಗುಳಿ ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ನೀ ಸುಮ್ನಿರು. ಅಕಿನ್ನ ನಾ ತಯಾರ ಮಾಡ್ತೇನಿ. ಒಬ್ಬಾಕಿನ ಇರೂ ಹಂಗ ಆಗಲಿಲ್ಲಂದ್ರ, ಆಗ ಬ್ಯಾಡ ಅನ್ನು."

ಅವ್ವ ಒಪ್ಪಿಬಿಟ್ಟಳು. ಮಾಮಾನ ತಾಲೀಮು ನೋಡಿ ಅವ್ವನಿಗೆ ನಂಬಿಕೆ ಬಂದರೆ ನಾನು ಲಂಡನ್ನಿಗೆ, ಬರದಿದ್ದರೆ ಸವಣೂರಲ್ಲೇ! ಕೋತಿಯ ಕೈಗೆ ಮಾಣಿಕ್ಯ ಸಿಕ್ಕಂತಾಯಿತು ನನ್ನ ಭವಿಷ್ಯ.

ಮೊದಲ ಪಾಠ ಚಳಿಯದು. ಲಂಡನ್ನಿನ ಚಳಿಯನ್ನು ಹಾವೇರಿ ಜಿಲ್ಲೆಯಲ್ಲಿ ಎಲ್ಲಿಂದ ತರುವುದು? ಮಾಮಾನಿಗೆ ಅದೂ ಹೊಳೆದಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳನ್ನು ಇಡುವ ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಅವನ ಗೆಳೆಯ. ನಡು ಬೇಸಿಗೆಯಲ್ಲಿ ನನಗೆ ಸ್ವೆಟರ್ ತೊಡಿಸಿ, ತಾನು ಮಂಕಿ ಟೋಪಿ ಹಾಕಿಕೊಂಡು, ಸ್ಕೂಟರಿನಲ್ಲಿ ಬ್ಯಾಡಗಿಗೆ ಹೊರಟ. ದಾರಿಯುದ್ದಕ್ಕೂ ಜನ ನಮ್ಮನ್ನು ನೋಡಿ ಸ್ಕೂಟರಿಗೆ ದಾರಿ ಬಿಟ್ಟರು. ಒಳಗೆ ಹೋದೆವು. ಚಳಿ ನಿಜವಾಗಿಯೂ ಮೂಳೆ ಮುಟ್ಟುವಂತಿತ್ತು. ಆದರೆ ಸುತ್ತಲೂ ಗೋಡೆಯೆತ್ತರಕ್ಕೆ ಮೆಣಸಿನಕಾಯಿ! ಮೊದಲು ಸೀನಿದವನು ಮಾಮಾ. ಅವನ ಸೀನಿಗೆ ನನ್ನ ಸೀನು, ನಮ್ಮಿಬ್ಬರ ಸೀನಿಗೆ ಮ್ಯಾನೇಜರರ ಸೀನು. ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಸುತ್ತ ಮೂವರೂ ಹೊರಗೆ ಬಿದ್ದೆವು. ಹಮಾಲರು ಓಡಿಬಂದು ಯಾರು ತೀರಿಕೊಂಡರೆಂದು ವಿಚಾರಿಸಿದರು. ಮಾಮಾ ಮೂಗೊರೆಸಿಕೊಂಡು ಅವರ ಮುಂದೆಯೇ ಫಲಿತಾಂಶ ಹೇಳಿದ: ಚಳಿಯ ಜೊತೆ ಖಾರವನ್ನೂ ತಡೆದುಕೊಂಡವಳಿಗೆ ಬರೀ ಚಳಿಯ ಲಂಡನ್ ಯಾವ ಲೆಕ್ಕ?

ಎರಡನೆಯದು ಮೌನದ ಪಾಠ. ಅಲ್ಲಿ ಬಸ್ಸಿನಲ್ಲಿ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ ಎಂದು ಮಾಮಾ ಎಲ್ಲೋ ಕೇಳಿದ್ದ. ಅದನ್ನು ರೂಢಿ ಮಾಡಿಸಲು ಆರಿಸಿದ್ದು ಯಾವ ಬಸ್ಸು? ಸವಣೂರಿನಿಂದ ಶಿಗ್ಗಾವಿಗೆ ಹೋಗುವ, ಅದೂ ಸಂತೆಯ ದಿನದ ಬಸ್ಸು! ನಾನು ಬಾಯಿ ಬಿಡಕೂಡದು, ಮಾಮಾ ಮುಂದೆ ಕೂತು ಪರೀಕ್ಷಿಸುತ್ತಾನೆ. ನನ್ನ ಪಕ್ಕಕ್ಕೆ ಬಂದ ಹೆಣ್ಣುಮಗಳು ಕೇಳದೆಯೇ ತನ್ನ ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. ಯಾವ ಊರು ಅಂದಳು, ಯಾರ ಮಗಳು ಅಂದಳು, ಕೊರಳಲ್ಲಿ ತಾಳಿ ಯಾಕಿಲ್ಲ ಅಂದಳು. ನಾನು ಕಿಟಕಿ ನೋಡುತ್ತ ಕೂತೆ. ಕೂಸು ನನ್ನ ವೇಲನ್ನು ಜಗಿಯತೊಡಗಿತು, ಆಗಲೂ ಮಾತಾಡಲಿಲ್ಲ. ಆಕೆ ಗಾಬರಿಯಾಗಿ ಮುಂದೆ ಕೂತಿದ್ದ ಮಾಮಾನ ಭುಜ ತಟ್ಟಿದಳು.

"ಹುಡುಗಿಗೆ ಮಾತ ಬರಂಗಿಲ್ಲೇನ್ರಿ? ಹುಲಗೂರ ದರ್ಗಾಕ್ಕ ಕರ್ಕೊಂಡ ಹೋಗ್ರಿ, ಆರಾಮ ಆಕ್ಕೈತಿ."

ಇಡೀ ಬಸ್ಸು ನನ್ನತ್ತ ತಿರುಗಿತು. ಯಾರೋ ಲೊಚಗುಟ್ಟಿದರು, ಯಾರೋ ಬಾಳೆಹಣ್ಣು ಕೊಟ್ಟರು. ಮಾಮಾ ನಿಜ ಹೇಳಬೇಕೋ ಬೇಡವೋ? ಅವನಿಗೆ ಸಲಹೆ ಬಹಳ ಹಿಡಿಸಿಬಿಟ್ಟಿತ್ತು. ಶಿಗ್ಗಾವಿಯಲ್ಲಿ ಇಳಿದವನೇ ನನ್ನನ್ನು ಹುಲಗೂರಿಗೆ ಕರೆದೊಯ್ದು, ದರ್ಗಾದಲ್ಲಿ ಸಕ್ಕರೆಯಿಟ್ಟು ಪ್ರಾರ್ಥನೆ ಓದಿಸಿದ. ಏನು ಬೇಡಿಕೊಳ್ಳಬೇಕೆಂದು ಅಲ್ಲಿಯ ಹಿರಿಯರು ಕೇಳಿದರೆ, ಹುಡುಗಿಗೆ ಮಾತು ಬರುತ್ತದೆ, ಕೇಳುವವರು ಯಾರಾದರೂ ಸಿಗಲಿ ಅಂತ ಬೇಡಿಕೊಳ್ಳಿ ಎಂದ. ಹಿರಿಯರು ನಮ್ಮಿಬ್ಬರಲ್ಲಿ ರೋಗಿ ಯಾರೆಂದು ತಿಳಿಯದೆ ಇಬ್ಬರ ತಲೆಯ ಮೇಲೂ ನವಿಲುಗರಿ ಆಡಿಸಿ ಕಳಿಸಿದರು.

ಮೂರನೆಯದು ದಾರಿ. ಫೋನಿನ ನಕ್ಷೆಯಲ್ಲಿ ಬೀದಿಯ ಚಿತ್ರಗಳೇ ಕಾಣುತ್ತವೆಂದು ನಾನೇ ತೋರಿಸಿಕೊಟ್ಟು ಕೆಟ್ಟೆ. ಅಂದಿನಿಂದ ಮಾಮಾ ಎಲೆ ಅಂಗಡಿಯಲ್ಲಿ ಕೂತು ಬೆರಳಿನಿಂದಲೇ ಲಂಡನ್ ಸುತ್ತತೊಡಗಿದ. ನಾನಿರಬೇಕಾದ ಹಾಸ್ಟೆಲ್ಲಿನಿಂದ ಕಾಲೇಜಿನವರೆಗೆ ಅವನಿಗೆ ಬಾಯಿಪಾಠ. ಗಿರಾಕಿಗಳಿಗೂ ಬಾಯಿಪಾಠ ಮಾಡಿಸಿದ. ಒಂದು ದಿನ ಮುಖ ಸಣ್ಣ ಮಾಡಿಕೊಂಡು ಬಂದು, ಆ ದಾರಿ ಬೇಡ, ಮೂಲೆಯಲ್ಲೊಂದು ಕರಿ ನಾಯಿ ನಿಂತಿದೆ, ತಾನು ವಾರದಿಂದ ನೋಡುತ್ತಿದ್ದೇನೆ, ಅಲ್ಲಿಂದ ಕದಲುವುದೇ ಇಲ್ಲ ಎಂದ! ಅದು ಯಾವತ್ತೋ ತೆಗೆದ ಫೋಟೋ ಮಾಮಾ ಅಂದರೆ ಕೇಳಬೇಕಲ್ಲ? ಫೋಟೋ ಹಳೆಯದಾದರೆ ನಾಯಿ ಈಗ ಇನ್ನೂ ದೊಡ್ಡದಾಗಿರುತ್ತದೆ ಎಂಬುದು ಅವನ ವಾದ.

ಇಷ್ಟನ್ನೂ ಅವ್ವ ನುಂಗಿಕೊಂಡಳು. ನುಂಗಲಾಗದ್ದು ಸೂಟ್‌ಕೇಸಿನ ಪ್ರಸಂಗ.

ಸವಣೂರಿನ ಎಲೆ ದೂರದೂರಿಗೆ ಹೋದರೂ ಬಾಡದಿರಲು ಒಂದು ಕ್ರಮವಿದೆ. ಬುಟ್ಟಿಯೊಳಗೆ ಬಾಳೆ ಎಲೆ ಹಾಸಿ, ನೀರು ಚಿಮುಕಿಸಿ, ಎಲೆ ಪೆಂಡಿಗಳನ್ನು ಒತ್ತಿ ಜೋಡಿಸಿ, ಮೇಲೆ ಹಸಿ ಗೋಣಿತಟ್ಟು ಹೊದಿಸಿ ಬಿಗಿಯುತ್ತಾರೆ. ಅದರಲ್ಲಿ ಮಾಮಾನನ್ನು ಮೀರಿಸುವವರಿಲ್ಲ. ಹೊರಡುವ ಹಿಂದಿನ ದಿನ ಅವ್ವ ಸೂಟ್‌ಕೇಸು ತುಂಬಿಟ್ಟು ಹನುಮಪ್ಪನ ಗುಡಿಗೆ ಹೋಗಿದ್ದಳು, ನಾನು ಗೆಳತಿಯರನ್ನು ಕಾಣಲು ಹೋಗಿದ್ದೆ. ಅಷ್ಟರಲ್ಲಿ ಮಾಮಾ ಬಂದು, ಹೆಂಗಸರು ಕಟ್ಟಿದ್ದು ಲಂಡನ್ ಮುಟ್ಟುತ್ತದೆಯೇ ಎಂದು ಎಲ್ಲವನ್ನೂ ಹೊರಗೆ ತೆಗೆದು, ತನ್ನ ಪದ್ಧತಿಯಂತೆ ಮತ್ತೆ ತುಂಬಿದ್ದ. ಕೆಳಗೆ ಬಾಳೆ ಎಲೆ, ಮೇಲೆ ಹಸಿ ಗೋಣಿತಟ್ಟು!

ಅವ್ವ ಗುಡಿಯಿಂದ ಬಂದು ತೆರೆದು ನೋಡುತ್ತಾಳೆ, ಕಟಕಟ ಮುರಿಯಬೇಕಾದ ಕಡಕ್ ರೊಟ್ಟಿ ಕರವಸ್ತ್ರದಂತೆ ಮಡಚಿಕೊಂಡಿತ್ತು. ಶೇಂಗಾ ಚಟ್ನಿಪುಡಿ ಕೆಸರಾಗಿತ್ತು. ನನ್ನ ಹೊಸ ಕೋಟಿಗೆ ಗೋಣಿಯ ವಾಸನೆ. ಅವ್ವ ಕೂಗಾಡಲಿಲ್ಲ. ಬಟ್ಟೆಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಹರವುತ್ತ, ಅಕಿ ಹೋಗೂದ ಬ್ಯಾಡ ಎಂದು ತಣ್ಣಗೆ ಹೇಳಿದಳು. ಅವ್ವ ಕೂಗಿದರೆ ರಾಜಿಯಾಗಬಹುದು, ತಣ್ಣಗೆ ಹೇಳಿದರೆ ಮುಗಿದ ಹಾಗೆ. ಅಪ್ಪ ಆಗಲೇ ತಲೆಯಾಡಿಸಿದ್ದರು.

ಮಾಮಾ ಅಂಗಳದಲ್ಲಿ ಒದ್ದೆ ರೊಟ್ಟಿ ಹಿಡಿದು ನಿಂತಿದ್ದ. ಕ್ಷಮೆ ಕೇಳುತ್ತಾನೆಂದು ಕಾದೆ. ಅವನು ರೊಟ್ಟಿಯನ್ನು ಬಿಸಿಲಿಗೆ ಹಿಡಿದು, ಅತ್ತಿತ್ತ ತಿರುಗಿಸಿ, ಗಂಭೀರವಾಗಿ ಹೇಳಿದ: "ತಪ್ಪು ನಂದಲ್ಲಕ್ಕಾ. ಸೂಟ್‌ಕೇಸಿಗೆ ಗಾಳಿ ಆಡಂಗಿಲ್ಲ. ಬುಟ್ಟಿ ಆಗಿದ್ರ ಈ ಮಾತ ಬರ್ತಿರ್ಲಿಲ್ಲ."

ಅವ್ವ ಹಗ್ಗದ ಮೇಲಿನ ಕೋಟು ಹಿಡಿದುಕೊಂಡು ನಗತೊಡಗಿದಳು. ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. ಕಡೆಗೆ ಕಣ್ಣೊರೆಸಿಕೊಂಡು, "ಈ ಹುಚ್ಚನ ಕೈಯಾಗ ಇಲ್ಲಿರೂದಕ್ಕಿಂತ ಅಕಿ ಅಲ್ಲೇ ಆರಾಮ ಇರ್ತಾಳ, ಹೋಗ್ಲಿ" ಎಂದಳು. ಅಪ್ಪ ಈ ಸಲವೂ ತಲೆಯಾಡಿಸಿದರು. ತಾಲೀಮು ಫಲಿಸಿತೆಂದು ಮಾಮಾ ಓಣಿಗೆಲ್ಲ ಎಲೆ ಹಂಚಿದ.

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಅವ್ವನೂ ಮಾಮಾನೂ ಬಂದರು. ಬಸ್ಸಿನಲ್ಲಿ ರಾತ್ರಿಯೆಲ್ಲ ಮಾಮಾನ ಉಪದೇಶ ನಡೆದೇ ಇತ್ತು. ಎಲೆ ಲೋಡು ಮಾಡುವಾಗ ಅವನು ಕೊನೆಯವರೆಗೂ ಇರುವವನು. ಲಾರಿಯ ಹಗ್ಗ ಎಳೆದು ನೋಡಿ, ಸಾವಕಾಶ ಹೋಗೆಂದು ಡ್ರೈವರನಿಗೆ ಹೇಳಿದ ಮೇಲೆಯೇ ಮನೆಗೆ. ನನ್ನನ್ನೂ ವಿಮಾನದ ಸೀಟಿನಲ್ಲಿ ಕೂರಿಸಿ, ಪೈಲಟ್ಟಿಗೆ ಒಂದು ಮಾತು ಹೇಳಿ ಇಳಿಯುವುದೆಂದು ಅವನ ಎಣಿಕೆ. ಬಾಗಿಲಲ್ಲಿ ಪೊಲೀಸಿನವರು ನನ್ನ ಟಿಕೆಟ್ಟು ನೋಡಿ ನನ್ನನ್ನು ಒಳಗೆ ಬಿಟ್ಟು, ಅವನೆದುರು ಕೈ ಅಡ್ಡ ಹಿಡಿದರು.

ಮಾಮಾನಿಗೆ ಅರ್ಥವಾಗಲಿಲ್ಲ. ಆ ಕೈಯನ್ನೇ ನೋಡಿದ. ಲಂಡನ್ನಿನ ಗಲ್ಲಿಗಲ್ಲಿ ತಿಳಿದವನಿಗೆ, ಟಿಕೆಟ್ಟಿಲ್ಲದವರು ಇಲ್ಲೇ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ. ನನಗಾದರೂ ಹೇಳಬೇಕೆಂದು ಹೊಳೆದಿರಲಿಲ್ಲ. ಸೂಟ್‌ಕೇಸು ಇನ್ನೂ ಅವನ ಕೈಯಲ್ಲೇ ಇತ್ತು. ಅವ್ವ ಅದನ್ನು ಮೆಲ್ಲಗೆ ಬಿಡಿಸಿ ನನ್ನತ್ತ ತಳ್ಳಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಅವನು ಗಟ್ಟಿಯಾಗಿ ಏನೋ ವಾದ ಹೂಡುತ್ತಾನೆಂದು ಕಾದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ ಹೇಳಿದ.

"ಇಲ್ಲಿಂದ ಮುಂದ ಹೆಂಗಂತ ನಂಗೇನೂ ಗೊತ್ತಿಲ್ಲವ್ವಾ. ನೀನ ಹೋಗಿ ನೋಡಿ, ನಂಗ ಹೇಳು."

ನನಗೆ ಅಳು ತಡೆಯಲಾಗಲಿಲ್ಲ. ಹೇಳ್ತೇನಿ ಮಾಮಾ ಅಂದೆ. ಅವ್ವನ ಕೈ ಹಿಡಿದುಕೊಂಡು ಅವನು ತಲೆಯಾಡಿಸಿದ. ನಾನು ಸೂಟ್‌ಕೇಸು ಎಳೆದುಕೊಂಡು, ಯಾರನ್ನೂ ಕೇಳದೆ, ಒಬ್ಬಳೇ ಒಳಗೆ ನಡೆದೆ.